ಬಲೆರಾಶಿಯ ಮೇಲೆ ಮಲಗಿದ ಹುಡುಗ ಚಿತ್ರದಲ್ಲಿ ಹೆಣದಂತೆ ಕಾಣುವುದೇಕೆ?

ಪ್ರಶ್ನೆ: ಮಲ್ಪೆ ಬಂದರಿನ ಹತ್ತಿರ ನನ್ನ ಮನೆ. ಪೆನ್ಸಿಲ್ ಚಿತ್ರ ಬಿಡಿಸುವುದು ಹವ್ಯಾಸ. ಯಾರ ಬಳಿಯೂ ಕಲಿತಿಲ್ಲ, ಎಲ್ಲ ವಿಡಿಯೊ ನೋಡಿಯೇ. ಬೋಟುಗಳಿಗೆ ಐಸ್ ತುಂಬುವ ಒಬ್ಬ ಹುಡುಗ ಬೆಳಗಿನ ಕೆಲಸ ಮುಗಿಸಿ ಬಲೆರಾಶಿಯ ಮೇಲೆ ಅರ್ಧ ಗಂಟೆ ಅಡ್ಡಾಗುತ್ತಾನೆ. ಕೇಳಿದಾಗ ವಯಸ್ಸು ಹದಿನೇಳು ಎಂದಿದ್ದ. ನಾಲ್ಕು ದಿನ ಹೋಗಿ ಅವನನ್ನು ಎ4 ಹಾಳೆಯಲ್ಲಿ ಬಿಡಿಸಿದೆ. ಗಲೀಜು ಕಾಣಬಾರದೆಂದು ಬೂಟು, ಕ್ರೇಟು, ಬಲೆ ಎಲ್ಲ ಬಿಟ್ಟು ಹುಡುಗನನ್ನಷ್ಟೇ ಇಟ್ಟುಕೊಂಡೆ. ಮುಖ ಚೆನ್ನಾಗಿ ಬಂದಿದೆ ಅಂತ ನನ್ನ ಭಾವನೆ. ಆದರೆ ಅಮ್ಮ ನೋಡಿ, 'ಅಯ್ಯೋ, ಯಾರು ತೀರಿಹೋದದ್ದು?' ಎಂದರು. ಗೆಳೆಯನೊಬ್ಬ ಅನುಪಾತ ತಪ್ಪಿದೆ, ಮೊದಲು ಅನಾಟಮಿ ಕಲಿ ಎನ್ನುತ್ತಾನೆ. ಇನ್ನೊಬ್ಬ, ಸುಮ್ಮನೆ ಮೊಬೈಲಲ್ಲಿ ಫೋಟೊ ಹೊಡೆದು ಟ್ರೇಸ್ ಮಾಡು ಎನ್ನುತ್ತಾನೆ. ಚರ್ಮ ಮೃದುವಾಗಿ ಕಾಣಲೆಂದು ತೀರಾ ಮೆದುವಾದ 8ಬಿ ಪೆನ್ಸಿಲ್ ಹಾಕಿ ಬೆರಳಲ್ಲಿ ಉಜ್ಜಿದ್ದೆ, ಈಗ ಅದು ಓರೆಯಿಂದ ನೋಡಿದರೆ ಮಿಂಚುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಸರಿಹೋಗುತ್ತದಾ? ನಿದ್ದೆಯಲ್ಲಿದ್ದವನನ್ನು ಕೇಳದೆ ಬಿಡಿಸಿದ್ದು ತಪ್ಪೋ ಎಂಬ ಅಳುಕೂ ಉಂಟು. ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಮ್ಮನ ಮಾತು ನಿಮಗೆ ಚುಚ್ಚಿರಬಹುದು, ಆದರೆ ಅವರ ಕಣ್ಣು ಚುರುಕಾಗಿಯೇ ಇದೆ. ಹುಡುಗ ತಾನಾಗಿ ಮಲಗಿದ ಹಾಗೆ ಕಾಣುವುದಿಲ್ಲ, ಯಾರೋ ತಂದು ಮಲಗಿಸಿದ ಹಾಗಿದೆ. ನೀವು ಕೇಳಿದ ನಾಲ್ಕೈದು ವಿಷಯಗಳಲ್ಲಿ ಇದೇ ಮುಖ್ಯವಾದದ್ದು. ಮಂಗಳೂರಿನಲ್ಲಿ ಚಿತ್ರಕಲೆ ಹೇಳಿಕೊಡುವ ನನ್ನ ಮೇಜಿಗೆ ಮಲಗಿದವರ, ಕೂತವರ ಚಿತ್ರ ಬರುತ್ತಲೇ ಇರುತ್ತವೆ, ಹತ್ತರಲ್ಲಿ ಎಂಟಕ್ಕೆ ಇದೇ ಕಾಯಿಲೆ.

ಮೊದಲು ಗೆಳೆಯರ ಸಲಹೆಗೆ ಬರೋಣ. ಅನುಪಾತ ತಪ್ಪಿದೆ ಎಂಬುದು ಎಲ್ಲರೂ ಎಲ್ಲ ಚಿತ್ರಕ್ಕೂ ಹೇಳುವ ಮಾತು. ನಿಮ್ಮ ಚಿತ್ರವನ್ನು ಅಳೆದೆ. ಹುಡುಗ ತನ್ನ ತಲೆಯ ಸುಮಾರು ಏಳರಷ್ಟು ಉದ್ದ ಇದ್ದಾನೆ. ವಯಸ್ಕರು ಏಳೂವರೆ ತಲೆಯ ಆಸುಪಾಸು ಇರುತ್ತಾರೆ, ಹನ್ನೆರಡರ ಮಗು ಆರೂವರೆಯಿಂದ ಏಳರೊಳಗೆ. ಹದಿನೇಳರ ಸಣಕಲು ಹುಡುಗನಿಗೆ ನೀವು ಕೊಟ್ಟದ್ದು ಸರಿಯಾಗಿಯೇ ಇದೆ. ಮುಂಗೈ ತುಸು ಉದ್ದವಾಗಿದೆ, ಅದರಿಂದ ಯಾರೂ ಸಾಯುವುದಿಲ್ಲ. ಅನುಮಾನವಿದ್ದರೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಅವರ ಕುಣಿಯುವವರಿಗೆ ಕೈಕಾಲು ಎಲ್ಲೆಲ್ಲಿಗೋ ಎಳೆದಿರುತ್ತದೆ, ತಲೆ ಒಂದು ಚುಕ್ಕೆಯಷ್ಟೇ ಇರುವುದೂ ಉಂಟು. ಆದರೂ ಮೈಯ ಭಾರ ಯಾವ ಪಾದದ ಮೇಲಿದೆ ಎಂಬುದರಲ್ಲಿ ಗೊಂದಲವೇ ಇರುವುದಿಲ್ಲ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ನಿಮಗೆ ಬಸ್ಸಿನ ದೂರ.

ಅನಾಟಮಿಯೂ ಅಷ್ಟೇ. ಕಲಿತರೆ ಒಳ್ಳೆಯದು, ಬೇಡ ಎನ್ನಲಾರೆ. ಆದರೆ ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದವರು ವಿಶ್ರಾಂತಿಯ ಭಂಗಿ ಬಿಡಿಸುವಾಗ ಇನ್ನೂ ಹೆಚ್ಚು ಎಡವುತ್ತಾರೆ. ಗೊತ್ತಿರುವ ಸ್ನಾಯುವನ್ನೆಲ್ಲ ತೋರಿಸುವ ಆಸೆ ಅವರಿಗೆ. ದಣಿದು ಮಲಗಿದವನ ಸ್ನಾಯು ಸಡಿಲವಾಗಿ ಚಪ್ಪಟೆಯಾಗಿರುತ್ತದೆ, ಎದ್ದು ಕಾಣುವುದು ಚರ್ಮದ ಹತ್ತಿರವೇ ಇರುವ ಮೂಳೆಗಳು: ಭುಜದ ತುದಿ, ಮೊಣಕೈ, ಸೊಂಟದ ಮೂಳೆಯ ಅಂಚು, ಮೊಣಕಾಲು, ಕಾಲಗಂಟು. ಸದ್ಯಕ್ಕೆ ನಿಮಗೆ ಇಷ್ಟು ಅನಾಟಮಿ ಸಾಕು.

ಹಾಗಾದರೆ ಚಿತ್ರ ಎಲ್ಲಿ ಕೆಟ್ಟಿತು? ನನ್ನ ಲೆಕ್ಕದಲ್ಲಿ ಬಲೆಯನ್ನು ಅಳಿಸಿದ ಕ್ಷಣದಲ್ಲಿ.

ಮಲಗಿದ ಮೈಯನ್ನು ಮೈಯಾಗಿಸುವುದು ಅದು ಯಾವುದಕ್ಕೆ ಆತುಕೊಂಡಿದೆ ಎಂಬುದು. ಪಕ್ಕಕ್ಕೆ ತಿರುಗಿ ಮಲಗಿದವನ ಭಾರ ಇಳಿಯುವುದು ಕೆಲವೇ ಕಡೆ. ಕೆಳಗಿನ ಭುಜ, ಪಕ್ಕೆಲುಬಿನ ಒಂದಿಷ್ಟು ಭಾಗ, ಸೊಂಟದ ಬದಿ, ಮಂಡಿಯ ಹೊರಮಗ್ಗುಲು, ಕಾಲಗಂಟು. ಇವುಗಳ ನಡುವೆ ಮೈ ಸೇತುವೆ ಕಟ್ಟಿಕೊಳ್ಳುತ್ತದೆ. ಸಿಮೆಂಟಿನ ನೆಲವಾದರೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಕೈ ತೂರುವಷ್ಟು ಸಂದು ಉಳಿಯುತ್ತದೆ. ಬಲೆರಾಶಿಯಾದರೆ ಆ ಸಂದು ತುಂಬಿಹೋಗಿ, ಭುಜ ಮತ್ತು ಸೊಂಟ ಎರಡೂ ಕುಳಿ ತೋಡಿಕೊಂಡು ಕೂತಿರುತ್ತವೆ. ಅಂದರೆ ನೆಲ ಬದಲಾದರೆ ಬೆನ್ನಿನ ಗೆರೆಯೇ ಬದಲಾಗುತ್ತದೆ. ನೀವು ಬಿಡಿಸಿದ ಬೆನ್ನು ಬಲೆಯ ಮೇಲೆ ಮಲಗಿದವನ ಬೆನ್ನು, ಗುಂಡಗೆ ಹುಗಿದುಕೊಂಡದ್ದು. ಆದರೆ ಅದರ ಕೆಳಗೆ ಬರೀ ಬಿಳಿ ಕಾಗದ. ನೋಡುವವರ ಕಣ್ಣಿಗೆ ಕಾರಣವಿಲ್ಲದೆ ಬಾಗಿದ ಮೈ ಸಿಗುತ್ತದೆ, ಅಮ್ಮ ಹೆದರಿದ್ದರಲ್ಲಿ ಆಶ್ಚರ್ಯವೇನು.

ಬಲೆಯ ಪ್ರತಿ ಕಣ್ಣನ್ನೂ ಬಿಡಿಸಿ ಅಂತ ಹೇಳುತ್ತಿಲ್ಲ. ರಾಶಿಯ ಮೇಲಂಚು ಒಂದು ಗೆರೆ, ಮೈ ಒತ್ತಿದ ಕಡೆ ಆ ಗೆರೆ ತಗ್ಗಬೇಕು, ಒತ್ತಿದ ಜಾಗದಲ್ಲಿ ನಿಮ್ಮ ಚಿತ್ರದ ಅತಿ ಕಪ್ಪು ಬೀಳಬೇಕು. ಅಷ್ಟೇ. ನಿಮ್ಮ ಚಿತ್ರದಲ್ಲಿ ಅತಿ ಕಪ್ಪು ಇರುವುದು ತಲೆಗೂದಲಲ್ಲಿ ಮತ್ತು ಹುಬ್ಬಿನಲ್ಲಿ. ಮೈಸುತ್ತಲಿನ ಹೊರಗೆರೆ ಮಾತ್ರ ತಲೆಯಿಂದ ಹಿಮ್ಮಡಿವರೆಗೆ ಒಂದೇ ದಪ್ಪ. ಬೆಳಕು ಬಿದ್ದ ಮೇಲ್ಭಾಗದ ಗೆರೆ ತೆಳುವಾಗಿ ಅಲ್ಲಲ್ಲಿ ಕಾಣೆಯಾದರೂ ಪರವಾಗಿಲ್ಲ, ಕೆಳಗಿನದು ಭಾರ ಹೊರಬೇಕು.

ಎರಡನೆಯ ಕಾರಣ ನಿಮ್ಮ ನಾಲ್ಕು ದಿನಗಳು. ಮೊದಲ ದಿನ ತಲೆ, ಮರುದಿನ ಎದೆ ಮತ್ತು ಕೈ, ಆಮೇಲೆ ಕಾಲು ಎಂದು ಮುಂದುವರಿಸಿದ್ದೀರಿ ಅನಿಸುತ್ತದೆ. ನೆರಳು ಇದನ್ನು ಹೇಳಿಬಿಡುತ್ತದೆ. ಮುಖಕ್ಕೆ ಬೆಳಕು ಎಡದಿಂದ ಬಂದಿದೆ, ಕಾಲಿಗೆ ನೇರ ಮೇಲಿಂದ. ಹುಡುಗ ಪ್ರತಿದಿನ ಅದೇ ಜಾಗದಲ್ಲಿ ಮಲಗಿದರೂ ಅದೇ ಥರ ಮಲಗುವುದಿಲ್ಲ. ಕುತ್ತಿಗೆ ಒಂದಿಷ್ಟು ತಿರುಗಿದರೆ ಭುಜ ಸರಿಯುತ್ತದೆ, ಭುಜ ಸರಿದರೆ ಸೊಂಟ ಇನ್ನೊಂದು ಕಡೆಗೆ ವಾಲುತ್ತದೆ. ಮೈಯ ಒಂದು ಮಗ್ಗುಲು ಮಡಚಿ ಕುಗ್ಗಿದಾಗ ಇನ್ನೊಂದು ಮಗ್ಗುಲು ಚಾಚಿ ಹಿಗ್ಗಿರಬೇಕು. ನಿಮ್ಮದರಲ್ಲಿ ಎರಡೂ ಮಗ್ಗುಲು ಒಂದೇ ಉದ್ದ. ಬೇರೆ ಬೇರೆ ದಿನದ ತುಂಡುಗಳನ್ನು ಜೋಡಿಸಿದರೆ ಹೀಗೇ ಆಗುವುದು.

ಮೂರನೆಯದು ಸ್ವಲ್ಪ ಸೂಕ್ಷ್ಮ. ಅಕ್ಕಿಮೂಟೆಯನ್ನು ಎಸೆದರೆ ಬಿದ್ದಲ್ಲಿ ಬಿದ್ದಿರುತ್ತದೆ, ಮಲಗುವವನು ಹಾಗಲ್ಲ, ಮಲಗುವ ಮುಂಚೆ ಹತ್ತು ಲೆಕ್ಕ ಹಾಕಿರುತ್ತಾನೆ. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಕ್ರೇಟ್ ಎಳೆಯುವವರು ಎಲ್ಲಿ ಹಾಯುತ್ತಾರೆ, ಬೂಟು ಎಲ್ಲಿಟ್ಟರೆ ಕಳೆಯುವುದಿಲ್ಲ, ಮೊಬೈಲ್ ಯಾವ ಕೈಯ ಕೆಳಗೆ. ಕೂಗಿದರೆ ಏಳಬೇಕಾದವನ ನಿದ್ದೆ ಪೂರಾ ಸಡಿಲ ಆಗಿರುವುದಿಲ್ಲ. ಎಲ್ಲೋ ಒಂದು ಕಡೆ ಹಿಡಿತ ಉಳಿದಿರುತ್ತದೆ. ನಿಮ್ಮ ಚಿತ್ರದಲ್ಲಿ ಎಡಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆದಿದೆ. ಅದು ಯಾವುದೋ ಹಗ್ಗಕ್ಕೆ ಸಿಕ್ಕಿಸಿಕೊಂಡದ್ದಿರಬೇಕು, ಹಗ್ಗವನ್ನು ನೀವು ಬಿಟ್ಟಿದ್ದೀರಿ. ಬಲಗೈ ಖಾಲಿ ಜಾಗವನ್ನು ಅಪ್ಪಿಕೊಂಡಂತಿದೆ. ಅಲ್ಲಿ ಬೂಟು ಇತ್ತಾ? ಗಲೀಜು ಎಂದು ತೆಗೆದದ್ದೆಲ್ಲ ಆ ಮೈ ಹಾಗೆ ಇರಲು ಕಾರಣವಾಗಿದ್ದ ವಸ್ತುಗಳೇ. ವಾಪಸ್ ತನ್ನಿ.

ಇನ್ನು ಮುಖ. ಚೆನ್ನಾಗಿ ಬಂದಿದೆ ಎಂದಿದ್ದೀರಿ. ಹೋಲಿಕೆ ಇರಬಹುದು, ಆದರೆ ಮುಚ್ಚಿದ ಕಣ್ಣಿನ ಗೆರೆ ಕಣ್ಣುಗುಳಿಯ ನಟ್ಟನಡುವೆ ಇದೆ. ಕಣ್ಣು ಮುಚ್ಚುವಾಗ ಬಹುಪಾಲು ಚಲಿಸುವುದು ಮೇಲಿನ ರೆಪ್ಪೆ, ಕೆಳಗಿನದು ಬಹುತೇಕ ಇದ್ದಲ್ಲೇ ಇರುತ್ತದೆ. ಹಾಗಾಗಿ ಎರಡೂ ಸೇರುವ ಗೆರೆ ಕೆಳಗೆ ಇಳಿದು, ತುಸು ಕೆಳಮುಖವಾಗಿ ಬಾಗಿರಬೇಕು. ಅದರ ಮೇಲೆ ಕಣ್ಣುಗುಡ್ಡೆಯ ಉಬ್ಬು ರೆಪ್ಪೆಯೊಳಗಿಂದ ತೋರಬೇಕು. ನಡುವೆ ನೇರ ಗೆರೆ ಎಳೆದರೆ ಗೊಂಬೆಯಾಗುತ್ತದೆ, ಇಲ್ಲವೇ ಅಮ್ಮ ಹೇಳಿದ್ದಾಗುತ್ತದೆ. ಬಾಯಿಯನ್ನು ಬಿಗಿಯಾಗಿ ಮುಚ್ಚಿದ್ದೀರಿ. ಪಕ್ಕಕ್ಕೆ ಮಲಗಿದವನ ದವಡೆ ಸಡಿಲವಾಗಿ, ಕೆಳಗಿನ ಕೆನ್ನೆ ಒತ್ತಿ, ತುಟಿ ಒಂದು ಮೂಲೆಯಲ್ಲಿ ತುಸು ತೆರೆದಿರುವುದೇ ಹೆಚ್ಚು.

ಬೆರಳುಗಳನ್ನೂ ನೋಡಿ. ಐದೂ ಚಾಚಿಕೊಂಡಿವೆ. ನಿಮ್ಮ ಕೈಯನ್ನೇ ಈಗ ತೊಡೆಯ ಮೇಲೆ ಅಂಗೈ ಮೇಲಾಗಿ ಬಿಟ್ಟು ನೋಡಿ. ತೋರುಬೆರಳು ಸ್ವಲ್ಪ ಮಡಚಿರುತ್ತದೆ, ನಡುಬೆರಳು ಇನ್ನಷ್ಟು, ಉಂಗುರಬೆರಳು ಅದಕ್ಕಿಂತ, ಕಿರುಬೆರಳು ಎಲ್ಲಕ್ಕಿಂತ ಹೆಚ್ಚು. ಸಡಿಲ ಬಿಟ್ಟ ಕೈಯಲ್ಲಿ ಈ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ಇದೊಂದನ್ನು ಸರಿಪಡಿಸಿದರೆ ಅರ್ಧ ಜೀವ ಬಂದೀತು.

ಮುಖದ ಬಗ್ಗೆ ಇನ್ನೊಂದು ಮಾತು, ಇದು ನನ್ನ ಅಭಿರುಚಿಯೂ ಹೌದು. ಹುಬ್ಬು ಗಂಟಿಕ್ಕಿ, ಕೆನ್ನೆಯಲ್ಲಿ ಗುಳಿ ತೋಡಿ ಹುಡುಗನಿಗೆ ದೈನ್ಯ ತುಂಬಿದ್ದೀರಿ. ಕೂಲಿ ಹುಡುಗ ಎಂದ ಕೂಡಲೇ ಕನಿಕರ ಹುಟ್ಟಿಸಬೇಕು ಎಂಬ ಹಟ ನಮ್ಮ ಚಿತ್ರ ಪ್ರದರ್ಶನಗಳಲ್ಲಿ ಜಾಸ್ತಿಯೇ ಇದೆ. ಪ್ಯಾರಿಸಿನ ಚಿತ್ರಕಾರ ಜಾರ್ಜ್ ಸೂರಾ ತನ್ನ ದೊಡ್ಡ ಚಿತ್ರವೊಂದಕ್ಕೆ ಪೂರ್ವತಯಾರಿಯಾಗಿ 1883-84ರಲ್ಲಿ ಹುಲ್ಲಿನ ಟೋಪಿ ಹಾಕಿ ಕೂತ ಹುಡುಗನ ಅಭ್ಯಾಸಚಿತ್ರ ಮಾಡಿದ. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಸೀನ್ ನದಿಯ ದಂಡೆ, ಹಿಂದೆ ಕಾರ್ಖಾನೆ ಚಿಮಣಿಗಳು, ಬಿಡುವಿನಲ್ಲಿ ಸುಮ್ಮನೆ ಕೂತ ದುಡಿಯುವ ಜನ, ಇದು ಆ ದೊಡ್ಡ ಚಿತ್ರದ ವಸ್ತು. ಅಭ್ಯಾಸಚಿತ್ರದ ಹುಡುಗನ ಮುಖ ಬಹುತೇಕ ನೆರಳು. ಹೊರಗೆರೆ ಎಂಬುದೇ ಇಲ್ಲವೆನ್ನಬಹುದು. ಬಾಗಿದ ಬೆನ್ನು, ಮಡಚಿದ ಕಾಲು, ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಅಂತರ್ಜಾಲದಲ್ಲಿ ಸಿಗುತ್ತದೆ, ಹುಡುಕಿ ನೋಡಿ.

ಮುಂದೆ ಹೇಗೆ? ಟ್ರೇಸಿಂಗ್ ಬಗ್ಗೆ ಕೇಳಿದ್ದೀರಿ. ಫೋಟೊ ಬಳಸುವುದು ಪಾಪವೇನಲ್ಲ, ದೊಡ್ಡ ದೊಡ್ಡವರು ಬಳಸಿದ್ದಾರೆ. ತೊಂದರೆ ಇರುವುದು ಮೊಬೈಲಿನ ಲೆನ್ಸಿನಲ್ಲಿ. ಅದರ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಹತ್ತಿರ ನಿಂತು ಕಾಲಿನ ಕಡೆಯಿಂದ ತೆಗೆದರೆ ಪಾದ ಕಡಾಯಿಯಷ್ಟಾಗಿ ತಲೆ ನಿಂಬೆಹಣ್ಣಾಗುತ್ತದೆ. ತಗಡಿನ ಮಾಡಿನ ಕೆಳಗೆ ನೆರಳೆಲ್ಲ ಒಂದೇ ಮಸಿಯಾಗುತ್ತದೆ, ಹೊರಗಿನ ಬಿಸಿಲು ಪೂರಾ ಬಿಳಿಯಾಗುತ್ತದೆ. ನೀವು ಕಣ್ಣಾರೆ ಕಂಡಾಗ ಬಂದರಿನಲ್ಲಿ ನೆರಳು ಅಷ್ಟು ಕಪ್ಪಾಗಿರುವುದಿಲ್ಲ. ಒದ್ದೆ ಸಿಮೆಂಟು, ನೀರು ಎರಡೂ ಬೆಳಕನ್ನು ಕೆಳಗಿಂದ ಎಸೆಯುತ್ತವೆ, ಗದ್ದದ ಅಡಿಯೂ ಬೆಳಗುತ್ತದೆ. ಟ್ರೇಸ್ ಮಾಡಿದರೆ ನಿಮಗೆ ಸಿಗುವುದು ಅದೇ ಒಂದೇ ದಪ್ಪದ ಹೊರಗೆರೆ, ಅಂದರೆ ಈಗಿನ ಕಾಯಿಲೆಯೇ ಇನ್ನೂ ಗಟ್ಟಿಯಾಗುತ್ತದೆ. ಬಲೆಯ ಹೆಣಿಗೆ, ಬೂಟಿನ ಆಕಾರ ನೆನಪಿಟ್ಟುಕೊಳ್ಳಲು ಫೋಟೊ ತೆಗೆಯಿರಿ. ದೂರ ನಿಂತು ಸ್ವಲ್ಪ ಜೂಮ್ ಮಾಡಿ. ಮೈಯನ್ನು ಮಾತ್ರ ಕಣ್ಣಿಂದಲೇ ಹಿಡಿಯಿರಿ.

ಮನೆಯಲ್ಲಿ ತಮ್ಮನನ್ನೋ ಅಳಿಯನನ್ನೋ ಅದೇ ಭಂಗಿಯಲ್ಲಿ ಮಲಗಿಸುವುದು ಇನ್ನೊಂದು ದಾರಿ. ಮೂಳೆ ಎಲ್ಲಿದೆ, ಭಾರ ಎಲ್ಲಿಳಿಯುತ್ತದೆ ಎಂದು ಹತ್ತಿರದಿಂದ ಅಧ್ಯಯನ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಆದರೆ ಮಲಗಿ ಎಂದರೆ ಮಲಗಿದವನ ಭುಜ ನಸುಕಿನಿಂದ ಐಸ್ ಹೊತ್ತವನ ಭುಜದ ಹಾಗೆ ಇಳಿಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಮನೆಯ ಭಂಗಿಯನ್ನೇ ಬಂದರಿನ ಚಿತ್ರವೆಂದು ದಾಟಿಸಲು ಹೋದರೆ ನಾಟಕವಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಬಂದರಿಗೇ ಹೋಗುತ್ತಿದ್ದೆ, ಆದರೆ ಒಂದು ಸಲ ಕೂತರೆ ಒಂದು ಚಿತ್ರ. ಅವನ ಅರ್ಧ ಗಂಟೆಯಲ್ಲಿ ಮುಗಿದಷ್ಟು. ಮರುದಿನ ಹೊಸ ಹಾಳೆ. ಕೂತ ಕೂಡಲೇ ಮುಖಕ್ಕೆ ಹೋಗಬೇಡಿ. ಮೊದಲು ಬಲೆರಾಶಿಯ ಅಂಚು, ಅದರ ಮೇಲೆ ಮೈ ಆತುಕೊಂಡ ಜಾಗಗಳಿಗೆ ಗಟ್ಟಿ ಗುರುತು, ಆಮೇಲೆ ತಲೆಯಿಂದ ಬಾಲಮೂಳೆವರೆಗೆ ಬೆನ್ನಿನ ಒಂದೇ ಗೆರೆ. ಇದಕ್ಕೆ ಎರಡು ನಿಮಿಷ ಸಾಕು, ಹುಡುಗ ಮಗ್ಗುಲು ಬದಲಿಸುವುದರೊಳಗೆ ಮುಖ್ಯವಾದದ್ದು ಕೈಗೆ ಬಂದಿರುತ್ತದೆ. ಬಳಿಕ ತೋಳನ್ನು ಪೂರ್ತಿ ಚಾಚಿ ಪೆನ್ಸಿಲಿನಿಂದ ತಲೆಯ ಅಳತೆ ತೆಗೆದು, ಅದರಲ್ಲಿ ಉಳಿದದ್ದನ್ನು ಅಳೆಯಿರಿ. ಪಾದದ ಕಡೆಯಿಂದ ನೋಡುವಾಗ ತೊಡೆ ಗಿಡ್ಡವಾಗಿ ಕಾಣುತ್ತದೆ. ಮನಸ್ಸು ಒಪ್ಪುವುದಿಲ್ಲ, ಉದ್ದ ಮಾಡು ಎನ್ನುತ್ತದೆ. ಅಳತೆಯ ಮಾತು ಕೇಳಿ. ತೋಳು ಮತ್ತು ಎದೆಯ ನಡುವಿನ ಖಾಲಿ ತ್ರಿಕೋನದಂಥ ಜಾಗಗಳನ್ನು ಆಕಾರವಾಗಿ ಬಿಡಿಸಿದರೆ ಕೈ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಈ ದಾರಿಯ ಕಷ್ಟವೆಂದರೆ ಬಹಳ ಹಾಳೆ ಹಾಳಾಗುತ್ತದೆ, ಮನೆಯವರಿಗೆ ತೋರಿಸುವಂಥದ್ದು ಬಹಳ ದಿನ ಸಿಗುವುದಿಲ್ಲ.

ಮಲಗಿದವರೇ ಆಗಬೇಕೆಂದಿಲ್ಲದಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವ 61 ದಿನ, ನಿಮಗೆ ಸುಗ್ಗಿ. ಹೊರರಾಜ್ಯದ ಹುಡುಗರು ಊರಿಗೆ ಹೋಗಿದ್ದರೂ ಬಲೆ ಸರಿಪಡಿಸುವವರು ಮಾಡಿನ ಕೆಳಗೆ ಗಂಟೆಗಟ್ಟಲೆ ಕೂತಿರುತ್ತಾರೆ. ಕೈ ಆಡುತ್ತಿದ್ದರೂ ಬೆನ್ನು, ಸೊಂಟ, ಕಾಲು ಅಲುಗುವುದಿಲ್ಲ.

ಮಿಂಚಿನ ವಿಷಯ. 1795ರಲ್ಲಿ ಫ್ರಾನ್ಸಿನ ಕೊಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿಗೂ ಪೆನ್ಸಿಲ್ ಆಗುವುದು ಆ ದಾರಿಯಲ್ಲೇ. ಮಣ್ಣು ಹೆಚ್ಚಾದಷ್ಟೂ ಗಡುಸು, ಗ್ರಾಫೈಟ್ ಹೆಚ್ಚಾದಷ್ಟೂ ಮೆದು ಮತ್ತು ಕಪ್ಪು. ಗ್ರಾಫೈಟಿನದು ಪದರ ಪದರ ರಚನೆ. ಉಜ್ಜಿದರೆ ಆ ಪದರಗಳು ಕಾಗದಕ್ಕೆ ಸಮಾನಾಂತರವಾಗಿ ಮಲಗಿ ಕನ್ನಡಿಯಾಗುತ್ತವೆ. 8ಬಿ ಹಾಕಿ ಬೆರಳಲ್ಲಿ ಉಜ್ಜಿದರೆ ಮಿಂಚದೆ ಇನ್ನೇನು? ಮೇಲಾಗಿ ಬೆರಳಿನ ಜಿಡ್ಡು ಕಾಗದಕ್ಕೆ ಇಳಿಯುತ್ತದೆ, ಆ ಜಾಗವನ್ನು ರಬ್ಬರಿನಿಂದ ಪೂರ್ತಿ ತೆಗೆಯಲಾಗದು. ಉಜ್ಜಿದರೆ ಚರ್ಮ ಮೃದುವಾಗುತ್ತದೆ ಎನ್ನುವುದು ವಿಡಿಯೊಗಳು ಹರಡಿದ ನಂಬಿಕೆ. ಆಗುವುದು ಹೊಗೆ ಹಿಡಿದಂತೆ. ಎಚ್‌ಬಿ, 2ಬಿ, 4ಬಿ ಮೂರೇ ಸಾಕು, ಅಪ್ಸರಾ ಆದರೂ ಸರಿ, ಕ್ಯಾಮ್ಲಿನ್ ಆದರೂ ಸರಿ. ಒಂದರ ಪಕ್ಕ ಒಂದು ಗೆರೆ ಎಳೆದು, ಮೈ ತಿರುಗುವ ದಿಕ್ಕಿಗೆ ಗೆರೆಯನ್ನೂ ತಿರುಗಿಸಿ. ಮಿಂಚದ ಕಪ್ಪೇ ಬೇಕಿದ್ದರೆ ಇದ್ದಿಲು ಪೆನ್ಸಿಲ್ ಬಳಸಿ. ಡಚ್ ಚಿತ್ರಕಾರ ವ್ಯಾನ್ ಗಾಗ್ ಹೇಗ್ ನಗರದಲ್ಲಿದ್ದಾಗ ಬಡಗಿ ಪೆನ್ಸಿಲಿನ ಚಿತ್ರಗಳ ಮಿಂಚು ತೆಗೆಯಲು ಮೇಲೆ ಹಾಲು ಬೆರೆಸಿದ ನೀರು ಹೊಯ್ಯುತ್ತಿದ್ದ. ನಮ್ಮ ಮಳೆಗಾಲದಲ್ಲಿ ಇದನ್ನು ಮಾಡಿದರೆ ವಾರದೊಳಗೆ ಬೂಸ್ಟು ಖಾತ್ರಿ, ದಯವಿಟ್ಟು ಬೇಡ.

ಎ4 ಎಂದರೆ ಜೆರಾಕ್ಸ್ ಹಾಳೆಯೇ ಇರಬೇಕು, ಅದು ನುಣುಪು ಮತ್ತು ತೆಳು. 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನ, ಚಿತ್ರ ಬಿಡಿಸಲೆಂದೇ ಸಿಗುವ ತುಸು ಒರಟು ಕಾರ್ಟ್ರಿಜ್ ಹಾಳೆ ತನ್ನಿ. ಕರಾವಳಿಯ ಮಳೆಗಾಲದಲ್ಲಿ ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಆಗ ಗಡುಸು ಪೆನ್ಸಿಲ್ ಗೀರುತ್ತದೆ, ರಬ್ಬರ್ ಎಳೆ ಎಬ್ಬಿಸುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಚೀಟಿ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲೋ ಜಿಪ್ ಕವರಿನಲ್ಲೋ ಇಟ್ಟು, ಬೇಕಾದಾಗಷ್ಟೇ ತೆಗೆಯಿರಿ. ಲ್ಯಾಮಿನೇಶನ್ ಬೇಡ, ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು, ಮಿಂಚು ಇನ್ನೂ ಹೆಚ್ಚುತ್ತದೆ. ಹೇರ್‌ಸ್ಪ್ರೇ ಹಳದಿಯಾಗುತ್ತದೆ. ಪೆನ್ಸಿಲ್ ಪುಡಿ ಅಳಿಯದಂತೆ ಹಿಡಿದಿಡಲು ಚಿತ್ರಕ್ಕೆಂದೇ ಸಿಗುವ ಸ್ಪ್ರೇ, ಫಿಕ್ಸೇಟಿವ್, ತೆಳುವಾಗಿ ಎರಡು ಸಲ, ಗಾಳಿಯಾಡುವ ಕಡೆ, ಮಳೆಯಿಲ್ಲದ ಒಣ ದಿನ ಹೊಡೆಯಿರಿ. ತೇವದ ದಿನ ಹೊಡೆದರೆ ಬಿಳಿ ಪೊರೆ ಕೂರಬಹುದು. ಫ್ರೇಮ್ ಹಾಕುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು (ಮೌಂಟ್) ಇರಲಿ, ಮಳೆ ಬಡಿಯುವ ಗೋಡೆಗೆ ತೂಗಬೇಡಿ.

ನಿಮ್ಮ ಅಳುಕಿಗೆ ಬರುತ್ತೇನೆ. ಬಯಲಲ್ಲಿ ಮಲಗಿದವನನ್ನು ನೋಡಿ ನಿಮ್ಮ ಪುಸ್ತಕದಲ್ಲಿ ಅಭ್ಯಾಸ ಮಾಡಿಕೊಂಡದ್ದರಲ್ಲಿ ದೊಡ್ಡ ಅಪರಾಧ ನನಗೆ ಕಾಣುವುದಿಲ್ಲ. ನಿದ್ದೆಯಲ್ಲಿದ್ದವನ ಒಪ್ಪಿಗೆ ಮೊದಲೇ ಕೇಳಲಾಗದು, ಎದ್ದ ಮೇಲೆ ಹಾಳೆ ತೋರಿಸಬಹುದು. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ. ಸರಿ ಎಂದರೆ ನಿಮ್ಮ ಕೆಲಸ ಎಷ್ಟೋ ಸಲೀಸು, ಎಲ್ಲಿ ಕೂತರೆ ಅವನಿಗೆ ಅಡ್ಡಿಯಿಲ್ಲ ಎಂದು ಅವನೇ ಹೇಳುತ್ತಾನೆ. ತನ್ನ ಬೂಟು ಎಲ್ಲಿದೆ, ಅಲ್ಲೇ ಯಾಕಿದೆ ಎಂಬುದನ್ನೂ ಹೇಳಿಯಾನು. ಒಂದು ಚಿತ್ರದ ಪ್ರತಿಯನ್ನು ಅವನಿಗೆ ಕೊಡಿ. ಗುರುತು ಸಿಗುವ ಮುಖವನ್ನು ಪ್ರದರ್ಶನಕ್ಕೋ ಫೇಸ್‌ಬುಕ್‌ಗೋ ಹಾಕುವುದು ಬೇರೆಯೇ ಮಾತು. ಹದಿನೆಂಟು ತುಂಬದವನಾದ್ದರಿಂದ ಅವನದಷ್ಟೇ ಅಲ್ಲ, ಮನೆಯವರ ಒಪ್ಪಿಗೆಯೂ ಬೇಕು. ಹೆಸರು, ಬೋಟಿನ ನಂಬರು ಬರೆಯಬೇಡಿ. ಕೆಲಸಕ್ಕೆ ಬರುವವರಲ್ಲಿ ಹದಿನಾಲ್ಕರೊಳಗಿನ ಮಕ್ಕಳು ಕಂಡರೆ, ಅಥವಾ ಅದಕ್ಕಿಂತ ದೊಡ್ಡವರನ್ನೇ ಅಪಾಯದ ಕೆಲಸಕ್ಕೆ ಹಚ್ಚಿದ್ದು ಕಂಡರೆ, ಅದು ಕಾನೂನಿನ ವಿಷಯ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಈಗಿನ ಚಿತ್ರವನ್ನು ತಿದ್ದಲು ಕೂರಬೇಡಿ, ಜಿಡ್ಡು ಹಿಡಿದ ಹಾಳೆ ಕೈಗೆ ಬರುವುದಿಲ್ಲ. ಹೊಸ ಹಾಳೆಗಳಲ್ಲಿ ಬೂಟು ಸಮೇತ ಏಳೆಂಟು ಬಿಡಿಸಿ, ಕೆಟ್ಟವನ್ನೂ ಸೇರಿಸಿ ಕಳಿಸಿ. ಮುಖ ಖಾಲಿ ಬಿಟ್ಟರೂ ನಡೆಯುತ್ತದೆ.